ಯಾವ ಕಾಲೇಜು ಸೇರಿದರೆ ಪೈಲಟ್ ಆಗಬಹುದು?

(ಶಿವಮೊಗ್ಗದಲ್ಲಿ ಪಿಯುಸಿ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಏರ್‌ಲೈನ್ ಪೈಲಟ್ ಒಬ್ಬರು ಆಡಿದ ಮಾತಿನ ಬರಹ ರೂಪ)

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬರು ತಾಯಿ ನನ್ನನ್ನು ನಿಲ್ಲಿಸಿದರು. "ಸರ್, ನನ್ ಮಗ ಪೈಲಟ್ ಆಗ್ಬೇಕಂತಾನೆ. ಯಾವ ಕಾಲೇಜಿಗೆ ಹಾಕ್ಲಿ?" ಅಂತ ಕೇಳಿದರು. ನಾನು ಬರೆದುಕೊಂಡು ಬಂದದ್ದು ಬೇರೆ ಏನೋ ಇತ್ತು. ಅದನ್ನು ಜೇಬಿಗಿಟ್ಟಿದ್ದೇನೆ. ಆ ಅಮ್ಮನ ಪ್ರಶ್ನೆಗೇ ಇವತ್ತು ಉತ್ತರ ಹೇಳುತ್ತೇನೆ.

ಡಾಕ್ಟರ್ ಆಗಬೇಕಾದರೆ ಮೆಡಿಕಲ್ ಕಾಲೇಜು ಇದೆ. ವಕೀಲರಾಗಬೇಕಾದರೆ ಲಾ ಕಾಲೇಜು ಇದೆ. ಹಾಗೇ ಪೈಲಟ್ ಆಗೋಕೂ ಒಂದು ಕಾಲೇಜು ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ನಮ್ಮ ದೇಶದಲ್ಲಿ ಹಾಗಿಲ್ಲ. ವಿಮಾನ ಹಾರಿಸೋಕೆ ಬೇಕಾಗಿರುವುದು ಲೈಸೆನ್ಸ್. ಡಿಗ್ರಿ ಅಲ್ಲ. ನಿಮ್ಮೂರಿನ ಬಸ್ ಡ್ರೈವರಿಗೆ ಲೈಸೆನ್ಸ್ ಕೊಡುವುದು ಕುವೆಂಪು ವಿಶ್ವವಿದ್ಯಾಲಯವೋ, ಆರ್‌ಟಿಓ ಆಫೀಸೋ? ಆರ್‌ಟಿಓ ಅಲ್ವಾ? ನಮಗೂ ಅಂಥದ್ದೇ ಒಂದು ಆಫೀಸು ದೆಹಲಿಯಲ್ಲಿದೆ. ಅದರ ಹೆಸರು ಡಿಜಿಸಿಎ. ಅದು ಕೊಡುವ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ನಾವು ಸಿಪಿಎಲ್ ಅನ್ನುತ್ತೇವೆ.

ಆ ಸಿಪಿಎಲ್‌ಗೆ ಏನು ಬೇಕು? ವಯಸ್ಸು 18 ತುಂಬಿರಬೇಕು. ಫಿಸಿಕ್ಸ್, ಮ್ಯಾಥ್ಸ್ ಓದಿ ಪಿಯುಸಿ ಪಾಸಾಗಿರಬೇಕು. ಮೆಡಿಕಲ್, ಅಂದರೆ ದೇಹದ ತಪಾಸಣೆ, ಪಾಸಾಗಬೇಕು. ಡಿಜಿಸಿಎ ಪರೀಕ್ಷೆಗಳನ್ನು ಬರೆದು ಒಂದೊಂದರಲ್ಲೂ ಕನಿಷ್ಠ 70 ಪರ್ಸೆಂಟ್ ತೆಗೆಯಬೇಕು. ರೇಡಿಯೋದಲ್ಲಿ ಮಾತಾಡುವ ಪರೀಕ್ಷೆ ಬೇರೆ ಇದೆ. ಕೊನೆಗೆ, ಡಿಜಿಸಿಎ ಒಪ್ಪಿಗೆ ಪಡೆದ ಫ್ಲೈಯಿಂಗ್ ಸ್ಕೂಲಿನಲ್ಲಿ 200 ಗಂಟೆ ಹಾರಾಟ ಮುಗಿಸಬೇಕು. ಈ ಸಾಲಿನಲ್ಲಿ ಬಿಎಸ್ಸಿ, ಬಿಇ, ಬಿಬಿಎ ಅನ್ನುವ ಮಾತು ಎಲ್ಲೂ ಬರಲಿಲ್ಲ, ಗಮನಿಸಿದಿರಾ?

ಹಾಗಾದರೆ ಡಿಗ್ರಿ ಬೇಡವೇ ಅಂತ ನೀವು ಕೇಳುತ್ತೀರಿ. ಬೇಕು. ಅದು ಯಾಕೆ ಬೇಕು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೆಡಿಕಲ್ ವಿಷಯ ಹೇಳಿಬಿಡುತ್ತೇನೆ. ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಅಲ್ಲೇ ಎಡವುತ್ತಾರೆ.

ನನಗೆ ಪರಿಚಯದ ಒಂದು ಕುಟುಂಬ. ಊರು ಬೇಡ. ಮಗ ಪಿಯುಸಿ ಮುಗಿಸಿದ ವಾರವೇ ಅಪ್ಪ ಒಂದು ಫ್ಲೈಯಿಂಗ್ ಸ್ಕೂಲಿಗೆ ಸೀಟ್ ಬುಕಿಂಗ್ ಅಂತ ಲಕ್ಷಗಟ್ಟಲೆ ಅಡ್ವಾನ್ಸ್ ಕಟ್ಟಿಬಿಟ್ಟರು. ಆಮೇಲೆ ಹುಡುಗ ಮೆಡಿಕಲ್‌ಗೆ ಹೋದ. ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಇದರಲ್ಲಿ ಯಾವ ನಂಬರ್ ಕಾಣಿಸುತ್ತೆ ಅಂತ ಕೇಳಿದರು. ಅವನಿಗೆ ನಂಬರೇ ಕಾಣಲಿಲ್ಲ. ಹದಿನೆಂಟು ವರ್ಷ ಅವನಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಕೆಂಪು, ಹಸಿರಿನ ವ್ಯತ್ಯಾಸ ಅವನ ಕಣ್ಣಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಟ್ರಾಫಿಕ್ ಸಿಗ್ನಲ್ ಹೇಗೆ ನೋಡ್ತಿದ್ದೆ ಅಂದರೆ, "ಮೇಲಿನ ದೀಪ ಹತ್ತಿದರೆ ನಿಲ್ತಿದ್ದೆ" ಅಂದ! ಕಟ್ಟಿದ ಅಡ್ವಾನ್ಸ್ ವಾಪಸ್ ಬರಲಿಲ್ಲ.

ಬಣ್ಣ ಅಷ್ಟು ಮುಖ್ಯವಾ ಅಂತ ಅನ್ನಿಸಬಹುದು. ರನ್‌ವೇ ಪಕ್ಕದಲ್ಲಿ ನಾಲ್ಕು ದೀಪಗಳ ಒಂದು ಸಾಲು ಇರುತ್ತದೆ. ನಾವು ಅದಕ್ಕೆ ಪಾಪಿ ಅನ್ನುತ್ತೇವೆ. ನಗಬೇಡಿ, ನಮ್ಮ ಪಾಪಿ ಒಳ್ಳೆಯದು. ಎರಡು ಬಿಳಿ, ಎರಡು ಕೆಂಪು ಕಂಡರೆ ನೀವು ಸರಿಯಾದ ಇಳಿಜಾರಿನಲ್ಲಿ ಬರುತ್ತಿದ್ದೀರಿ. ನಾಲ್ಕೂ ಬಿಳಿ ಆದರೆ ಮೇಲಿದ್ದೀರಿ. ನಾಲ್ಕೂ ಕೆಂಪು ಆದರೆ ತೀರಾ ಕೆಳಗೆ ಬಂದಿದ್ದೀರಿ, ನೆಲ ಹತ್ತಿರದಲ್ಲಿದೆ. ಮಳೆಗಾಲದ ರಾತ್ರಿಯಲ್ಲಿ ಈ ಎರಡು ಬಣ್ಣ ಬೇರೆ ಬೇರೆ ಕಾಣಲೇಬೇಕು.

ಕನ್ನಡಕ ಹಾಕಿದವರು ಇಲ್ಲಿ ಬಹಳ ಜನ ಇದ್ದೀರಿ. ಮುಖ ಸಣ್ಣ ಮಾಡಬೇಡಿ. ಸಿವಿಲ್ ಪೈಲಟ್ ಆಗೋಕೆ ಕನ್ನಡಕ ಅಡ್ಡಿಯಿಲ್ಲ. ಕನ್ನಡಕ ಹಾಕಿದಾಗ ದೃಷ್ಟಿ ಸರಿಹೋಗಬೇಕು, ಅಷ್ಟೇ. ನಾನೂ ಹಾಕುತ್ತೇನೆ. ವಾಯುಪಡೆಯ ಲೆಕ್ಕ ಬೇರೆ, ಅದು ಬಹಳ ಬಿಗಿ.

ಮೆಡಿಕಲ್‌ನಲ್ಲಿ ಎರಡು ಹಂತ. ಮೊದಲು ಕ್ಲಾಸ್ ಟೂ. ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರು ಇದನ್ನು ಮಾಡುತ್ತಾರೆ. ಕಣ್ಣು, ಕಿವಿ, ರಕ್ತ, ಇಸಿಜಿ ಎಲ್ಲ ನೋಡುತ್ತಾರೆ. ಆಮೇಲೆ ಕ್ಲಾಸ್ ಒನ್. ಸಿಪಿಎಲ್ ಕೈಗೆ ಬರಬೇಕಾದರೆ ಇದು ಬೇಕೇ ಬೇಕು. ಇದನ್ನು ಮಾಡುವ ಜಾಗಗಳಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ದೇಶದ ಎಲ್ಲ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಒಂದು ರಾತ್ರಿಯ ಬಸ್ ದೂರ. ನನ್ನ ಮಾತು ಕೇಳುವುದಾದರೆ ಎರಡೂ ಮೆಡಿಕಲ್ ಮುಗಿಯುವ ತನಕ ಯಾವ ಸ್ಕೂಲಿಗೂ ಒಂದು ರೂಪಾಯಿ ಕಟ್ಟಬೇಡಿ. ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಅದು ಉಳಿಸುವುದು ಲಕ್ಷಗಳನ್ನು.

ಈಗ ಪಿಯುಸಿ. ಪಿಸಿಎಂಬಿ, ಪಿಸಿಎಂಸಿ ಯಾವುದಾದರೂ ನಡೆಯುತ್ತದೆ. ಫಿಸಿಕ್ಸ್, ಮ್ಯಾಥ್ಸ್ ಇದ್ದರೆ ಸಾಕು. ಡಿಜಿಸಿಎಗೆ ಪಾಸಾದರೆ ಆಯಿತು. ಆದರೆ ಒಳ್ಳೆಯ ಅಕಾಡೆಮಿಗಳು, ಏರ್‌ಲೈನ್‌ಗಳೇ ಮಕ್ಕಳನ್ನು ಆರಿಸಿ ತರಬೇತಿ ಕೊಡಿಸುವ ಕೆಡೆಟ್ ಯೋಜನೆಗಳು 50 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಕೇಳುತ್ತವೆ. ಕಾಮರ್ಸ್ ಓದಿದವರಿಗೆ ದಾರಿ ಮುಚ್ಚಿಲ್ಲ. ಎನ್‌ಐಓಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ. ಅಲ್ಲಿ ಈ ಎರಡೇ ವಿಷಯಗಳನ್ನು ತೆಗೆದುಕೊಂಡು ಬರೆದು, ನಂತರ ಹಾರಾಟಕ್ಕೆ ಬಂದವರು ಇದ್ದಾರೆ.

ಮ್ಯಾಥ್ಸ್ ಅಂದ ತಕ್ಷಣ ಇಂಟಿಗ್ರೇಷನ್ ನೆನೆಸಿಕೊಂಡು ಹೆದರಬೇಡಿ. ಕಾಕ್‌ಪಿಟ್‌ನಲ್ಲಿ ಬೇಕಾಗುವುದು ಬಾಯಿಲೆಕ್ಕ. ನಮ್ಮಲ್ಲಿ ಒಂದು ಹಳೇ ಸೂತ್ರ ಇದೆ. ದಿಕ್ಕು 1 ಡಿಗ್ರಿ ತಪ್ಪಿದರೆ 60 ಮೈಲಿ ಹೋಗುವಷ್ಟರಲ್ಲಿ 1 ಮೈಲಿ ಪಕ್ಕಕ್ಕೆ ಸರಿದಿರುತ್ತೀರಿ. ಬೆಂಗಳೂರಿನಿಂದ ನಿಮ್ಮ ಸೋಗಾನೆ ವಿಮಾನ ನಿಲ್ದಾಣದ ರನ್‌ವೇಗೆ ಆಕಾಶದಲ್ಲಿ ಸುಮಾರು 240 ಕಿಲೋಮೀಟರ್. 1 ಡಿಗ್ರಿ ತಪ್ಪು ತಿದ್ದದೇ ಬಂದರೆ ಸುಮಾರು 4 ಕಿಲೋಮೀಟರ್ ಆಚೆ ಇರುತ್ತೀರಿ. ಇಂಥ ಲೆಕ್ಕ ಪೆನ್ನು ಹಿಡಿಯದೆ ಮಾಡಬೇಕು. ಚಿಕ್ಕಂದಿನಲ್ಲಿ ನಾನು ತಿಪಟೂರಿನ ಮಂಡಿಯಲ್ಲಿ ಅಪ್ಪನ ಪಕ್ಕ ಕೂತು ಕೊಬ್ಬರಿ ತೂಕದ ಲೆಕ್ಕ ಹಾಕುತ್ತಿದ್ದೆ. ಕಾಲೇಜಿನ ಕ್ಯಾಲ್ಕುಲಸ್‌ಗಿಂತ ಅದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಕನ್ನಡ ಮೀಡಿಯಂ ಮಕ್ಕಳಿಗೆ ಒಂದು ಮಾತು. ನಾನು ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವನು. ಡಿಜಿಸಿಎ ಪರೀಕ್ಷೆ ಇಂಗ್ಲಿಷಿನಲ್ಲಿ, ರೇಡಿಯೋ ಮಾತೂ ಇಂಗ್ಲಿಷಿನಲ್ಲಿ. ನಿಜ. ಆದರೆ ರೇಡಿಯೋ ಇಂಗ್ಲಿಷ್ ಅಂದರೆ ಭಾಷಣ ಮಾಡುವ ಇಂಗ್ಲಿಷ್ ಅಲ್ಲ. ಅಳತೆ ಮಾಡಿಟ್ಟ ಕೆಲವು ನೂರು ಮಾತುಗಳು. ಅರ್ಥವಾಗದಿದ್ದರೆ "ಸೇ ಅಗೇನ್" ಅನ್ನಬೇಕು. ನಾಚಿಕೆ ಪಟ್ಟುಕೊಂಡು ಸುಮ್ನೆ ತಲೆ ಆಡಿಸುವವನು ಅಪಾಯ. ಮತ್ತೆ ಕೇಳುವವನು ಪೈಲಟ್.

ಸರಿ, ಫ್ಲೈಯಿಂಗ್ ಸ್ಕೂಲ್. ನಿಮ್ಮ ದುಡ್ಡಿನ ದೊಡ್ಡ ಪಾಲು ಹೋಗುವುದು ಇಲ್ಲಿಗೆ. ಕಾಲೇಜು ಆರಿಸುವುದಕ್ಕೆ ತಲೆ ಕೆಡಿಸಿಕೊಳ್ಳುವ ಜನ ಇದನ್ನು ಮಾತ್ರ ಒಂದು ಬ್ರೋಷರ್ ನೋಡಿ ಮುಗಿಸಿಬಿಡುತ್ತಾರೆ.

ಸ್ಕೂಲಿಗೆ ಹೋದಾಗ ಹವಾನಿಯಂತ್ರಿತ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಕುಡಿಯಿರಿ. ಆಮೇಲೆ ವಿಮಾನ ನಿಲ್ಲಿಸುವ ಹ್ಯಾಂಗರ್ ತೋರಿಸಿ ಅನ್ನಿ. ಅಲ್ಲಿ ಎಷ್ಟು ವಿಮಾನ ಇವೆ ಅಂತ ಎಣಿಸುವುದಕ್ಕಿಂತ, ಇವತ್ತು ಬೆಳಿಗ್ಗೆ ಎಷ್ಟು ಹಾರಿದವು ಅಂತ ಕೇಳಿ. ಒಂದು ಲೆಕ್ಕ ಹಾಕೋಣ. ಪುಸ್ತಕದಲ್ಲಿ ಆರು ವಿಮಾನ ಅಂತ ಇದೆ ಅಂದುಕೊಳ್ಳಿ. ಸೆಸ್ನಾ 172 ತರದ ಸಣ್ಣ ಟ್ರೈನಿಂಗ್ ವಿಮಾನ. ಯಾವಾಗಲೂ ಎರಡು ರಿಪೇರಿಯಲ್ಲಿ ಇರುತ್ತವೆ. ಇಷ್ಟು ಗಂಟೆ ಹಾರಿದ ಮೇಲೆ ಬಿಚ್ಚಿ ನೋಡಲೇಬೇಕು ಅನ್ನುವ ನಿಯಮ ಇದೆ, ಬಿಡಿಭಾಗ ಹೊರದೇಶದಿಂದ ಬರಬೇಕು. ಉಳಿದದ್ದು ನಾಲ್ಕು. ಒಂದೊಂದು ದಿನಕ್ಕೆ 5 ಗಂಟೆ ಹಾರಿತು ಅನ್ನಿ, ಅದು ಒಳ್ಳೆಯ ದಿನ. ಒಟ್ಟು 20 ಗಂಟೆ. ಸ್ಕೂಲಿನಲ್ಲಿ 60 ಮಕ್ಕಳು. ಒಬ್ಬರ ಪಾಲಿಗೆ ದಿನಕ್ಕೆ 20 ನಿಮಿಷ. ನಿಮಗೆ ಬೇಕಾದದ್ದು 200 ಗಂಟೆ. ಅಂದರೆ 600 ಹಾರಾಟದ ದಿನ! ಮಳೆ, ಮಂಜು, ಗಾಳಿ, ರಜೆ ಕಳೆದು ವರ್ಷಕ್ಕೆ 200 ಹಾರಾಟದ ದಿನ ಸಿಕ್ಕರೆ ಮೂರು ವರ್ಷ. ಬ್ರೋಷರ್‌ನಲ್ಲಿ ಇದ್ದದ್ದು "12 ತಿಂಗಳು".

ಇದು ನನಗೇ ಆಗಿದೆ. ನನ್ನ ಸ್ಕೂಲಿನ ಹೆಸರು ಹೇಳುವುದಿಲ್ಲ. ಹದಿನೈದು ತಿಂಗಳಲ್ಲಿ ಮುಗಿಯುತ್ತದೆ ಅಂತ ಹೋದವನು ಎರಡೂವರೆ ವರ್ಷಕ್ಕೆ ಹೊರಬಂದೆ. ಬೆಳಿಗ್ಗೆ ಐದಕ್ಕೆ ಎದ್ದು, ಬಿಳಿ ಅಂಗಿ ಹಾಕಿಕೊಂಡು, ಬೋರ್ಡಿನಲ್ಲಿ ಹೆಸರು ಇದೆಯಾ ಅಂತ ನೋಡುವುದು. ಇಲ್ಲದಿದ್ದರೆ ಮರದ ಕೆಳಗೆ ಕೂರುವುದು. ಆ ಮರದ ಕೆಳಗೆ ಇಸ್ಪೀಟ್ ಆಡಿ ಕಳೆದ ಗಂಟೆಗಳನ್ನು ಹಾರಾಟದ ಲೆಕ್ಕ ಇಡುವ ಲಾಗ್‌ಬುಕ್ಕಿಗೆ ಬರೆದಿದ್ದರೆ ಎರಡು ಲೈಸೆನ್ಸ್ ಬರುತ್ತಿತ್ತು. ಹಾಸ್ಟೆಲ್ ಬಾಡಿಗೆ ಮಾತ್ರ ತಪ್ಪದೇ ಕಟ್ಟಬೇಕು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹದಿನೈದು ದಿನ ಬಿಟ್ಟು ಹಾರಿದರೆ ಕೈ ಮರೆತಿರುತ್ತದೆ. ಕಲಿತದ್ದನ್ನೇ ಮತ್ತೆ ಕಲಿಯಬೇಕು, ಆ ಗಂಟೆಗೂ ದುಡ್ಡು.

ಹಾಗಾಗಿ ಮ್ಯಾನೇಜರನ್ನು ಕೇಳಬೇಡಿ, ಆ ಮರದ ಕೆಳಗೆ ಕೂತ ಮಕ್ಕಳನ್ನು ಕೇಳಿ. "ತಮ್ಮಾ, ಯಾವಾಗ ಸೇರಿದೆ? ಇಲ್ಲಿವರೆಗೆ ಎಷ್ಟು ಗಂಟೆ ಆಯ್ತು? ಹೋದ ತಿಂಗಳು ಎಷ್ಟು ಹಾರಿದೆ?" ಈ ಮೂರು ಪ್ರಶ್ನೆ ಸಾಕು. ಆಮೇಲೆ ಇನ್ಸ್ಟ್ರಕ್ಟರುಗಳು ಎಷ್ಟು ಜನ, ಅವರು ಆರಾರು ತಿಂಗಳಿಗೆ ಬಿಟ್ಟು ಹೋಗುತ್ತಾರಾ ಅಂತ ಕೇಳಿ. ಎರಡು ಎಂಜಿನ್ ವಿಮಾನ ಅವರದ್ದೇ ಇದೆಯಾ, ಅದಕ್ಕಾಗಿ ಬೇರೆ ಕಡೆ ಕಳಿಸುತ್ತಾರಾ? ರಾತ್ರಿ ಹಾರಾಟಕ್ಕೆ ರನ್‌ವೇ ಸಿಗುತ್ತದಾ? ಫೀಸನ್ನು ಪೂರ್ತಿ ಮೊದಲೇ ಕಟ್ಟಿಸಿಕೊಳ್ಳುತ್ತಾರೆ ಅಂದರೆ ನಾನಾದರೆ ಎದ್ದು ಬರುತ್ತೇನೆ. ಹಾರಿದಷ್ಟಕ್ಕೆ ಕಂತು ಕಟ್ಟುವ ವ್ಯವಸ್ಥೆ ಇರಬೇಕು.

ಡಿಜಿಸಿಎ 2025ರಿಂದ ಫ್ಲೈಯಿಂಗ್ ಸ್ಕೂಲುಗಳಿಗೆ ಗ್ರೇಡ್ ಕೊಡೋಕೆ ಶುರು ಮಾಡಿದೆ. ಒಳ್ಳೆಯ ಕೆಲಸ. ಅದನ್ನೂ ನೋಡಿ. ಮೊದಲ ಪಟ್ಟಿಯಲ್ಲಿ ಎ ಪ್ಲಸ್ ಪ್ಲಸ್ ಯಾರಿಗೂ ಸಿಗಲಿಲ್ಲ ಅನ್ನುವುದನ್ನೂ ನೋಡಿ. ಗ್ರೇಡ್ ನೋಡಿದ ಮೇಲೂ ಮರದ ಕೆಳಗಿನ ಮಕ್ಕಳನ್ನು ಬಿಡಬೇಡಿ.

ನಮ್ಮ ರಾಜ್ಯದಲ್ಲಿ ಎಲ್ಲೆಲ್ಲಿ ಇದೆ? ಹಳೆಯದು ಅಂದರೆ ಬೆಂಗಳೂರಿನ ಜಕ್ಕೂರು. 1940ರ ದಶಕದ ಕೊನೆಯಲ್ಲಿ ಶುರುವಾದ ಸರ್ಕಾರಿ ಶಾಲೆ. ಆ ಶಾಲೆ ಯಾವ ಇಲಾಖೆಗೆ ಸೇರಿದೆ ಗೊತ್ತಾ? ಯುವಜನ ಮತ್ತು ಕ್ರೀಡಾ ಇಲಾಖೆಗೆ. ಕಬಡ್ಡಿ, ಈಜು, ವಿಮಾನ! ಬಳ್ಳಾರಿ ರಸ್ತೆಯ ಮೇಲ್ಸೇತುವೆ ರನ್‌ವೇ ಪಕ್ಕಕ್ಕೇ ಬಂದು ಅದಕ್ಕೆ ತೊಂದರೆಯೂ ಆಯಿತು. ಮೈಸೂರಿನ ಮಂಡಕಳ್ಳಿಯಲ್ಲಿ ಖಾಸಗಿ ಶಾಲೆ ಇದೆ. ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ಜಾಗ ಕೊಟ್ಟ ಮೇಲೆ ಅಲ್ಲೂ ಬಂದಿವೆ. ಹವಾಮಾನದ ದೃಷ್ಟಿಯಿಂದ ಕಲಬುರಗಿಯ ಆಕಾಶ ನನಗೆ ಇಷ್ಟ. ಸೆಕೆ ಇದ್ದರೂ ಮಲೆನಾಡಿನ ಹಾಗೆ ತಿಂಗಳುಗಟ್ಟಲೆ ಮಳೆ ಹಿಡಿದು ಕೂರುವುದಿಲ್ಲ. ನಿಮ್ಮೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೈನಿಂಗ್ ವಿಮಾನ ಹಾರಿಸುವ ಕಷ್ಟ ನಾನು ಹೇಳಬೇಕಾಗಿಲ್ಲ.

ರಾಜ್ಯದ ಹೊರಗೆ ದೊಡ್ಡ ಹೆಸರು ಅಂದರೆ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ. ಕೇಂದ್ರ ಸರ್ಕಾರದ್ದು. ಪ್ರವೇಶ ಪರೀಕ್ಷೆ, ಇಂಟರ್‌ವ್ಯೂ ಎಲ್ಲ ಇದೆ. ಚಳಿಗಾಲದಲ್ಲಿ ಅಲ್ಲಿ ಮಂಜು, ಆದರೂ ಶಿಸ್ತು ಚೆನ್ನಾಗಿದೆ. ಮಹಾರಾಷ್ಟ್ರದ ಗೊಂದಿಯಾದಲ್ಲೂ ಒಂದು ಹೆಸರಾದ ಶಾಲೆ ಇದೆ. ಇನ್ನು ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್. ಅಲ್ಲಿ ಗಂಟೆ ಬೇಗ ಮುಗಿಯುತ್ತದೆ. ಆದರೆ ಆ ಲೈಸೆನ್ಸ್ ಹಿಡಿದುಕೊಂಡು ನಮ್ಮ ಏರ್‌ಲೈನ್‌ಗೆ ಸೇರೋಕೆ ಆಗುವುದಿಲ್ಲ. ಇಲ್ಲಿಗೆ ಬಂದು ಡಿಜಿಸಿಎ ಪರೀಕ್ಷೆ ಬರೆದು, ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಳ್ಳಬೇಕು. ಜಾಣರು ಇಲ್ಲಿಯ ಪರೀಕ್ಷೆ ಮುಗಿಸಿಕೊಂಡೇ ವಿಮಾನ ಹತ್ತುತ್ತಾರೆ.

ಈಗ ಡಿಗ್ರಿಗೆ ಬರುತ್ತೇನೆ. ಮೊದಲು ಮೂರು ಗೊಂದಲ ಬಿಡಿಸುತ್ತೇನೆ.

ಏರೋನಾಟಿಕಲ್ ಎಂಜಿನಿಯರಿಂಗ್ ಓದಿದರೆ ಪೈಲಟ್ ಆಗುತ್ತಾರೆ ಅಂತ ಅರ್ಧ ಕರ್ನಾಟಕ ನಂಬಿದೆ. ಅದು ವಿಮಾನವನ್ನು ವಿನ್ಯಾಸ ಮಾಡುವ, ತಯಾರಿಸುವ ಓದು. ಬಹಳ ಒಳ್ಳೆಯ ಓದು, ಬೆಂಗಳೂರಿನಲ್ಲಿ ಎಚ್‌ಎಎಲ್, ಎನ್‌ಎಎಲ್ ಎಲ್ಲ ಇವೆ. ಆದರೆ ನಾಲ್ಕು ವರ್ಷ ಮುಗಿದ ಮೇಲೂ ನಿಮ್ಮ ಲಾಗ್‌ಬುಕ್‌ನಲ್ಲಿ ಗಂಟೆ ಸೊನ್ನೆ. ಎರಡನೆಯದು ಎಎಂಇ. ಅದು ವಿಮಾನವನ್ನು ರಿಪೇರಿ ಮಾಡಿ, ಹಾರಬಹುದು ಅಂತ ಸಹಿ ಹಾಕುವವರ ಲೈಸೆನ್ಸ್. ಅವರ ಸಹಿ ಇಲ್ಲದೆ ನಾನು ಸೀಟಿನಲ್ಲಿ ಕೂತರೂ ವಿಮಾನ ಅಲುಗಾಡುವುದಿಲ್ಲ. ಆದರೆ ಅದೂ ಪೈಲಟ್ ಕೆಲಸ ಅಲ್ಲ. ಮೂರನೆಯದು ಬಿಬಿಎ ಏವಿಯೇಷನ್. ಜಾಹೀರಾತಿನಲ್ಲಿ ಹೆಗಲ ಮೇಲೆ ಕ್ಯಾಪ್ಟನ್‌ನ ನಾಲ್ಕು ಪಟ್ಟಿ ಹಾಕಿಕೊಂಡ ಹುಡುಗ ನಗುತ್ತಿರುತ್ತಾನೆ. ಒಳಗೆ ಹೇಳಿಕೊಡುವುದು ವಿಮಾನ ನಿಲ್ದಾಣದ ಆಡಳಿತ, ಟಿಕೆಟ್, ಸರಕು ಸಾಗಣೆ. ಆ ಫೋಟೋದ ಹುಡುಗ ಆ ಕಾಲೇಜಿನಲ್ಲಿ ಓದಿಯೇ ಇರುವುದಿಲ್ಲ.

ಪಟ್ಟಿಯ ಮಾತು ಬಂತು, ಒಂದು ತಮಾಷೆ ಹೇಳುತ್ತೇನೆ. ಏರ್ ಡೆಕ್ಕನ್ ವಿಮಾನ ಸಂಸ್ಥೆ ಕಟ್ಟಿದ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರನ್ನು ಎಷ್ಟೋ ಜನ ಪೈಲಟ್ ಅಂದುಕೊಂಡಿದ್ದಾರೆ. ಅವರು ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು! ಹೆಸರಿನ ಮುಂದೆ ಇರುವುದನ್ನು ನೋಡಿ ಕೆಲಸ ಹೇಳಬಾರದು, ಕೋರ್ಸಿನ ಹೆಸರು ನೋಡಿಯೂ ಹಾಗೆಯೇ.

ಬಿಎಸ್ಸಿ ಏವಿಯೇಷನ್ ಅನ್ನುವುದು ಇದೆ. ಇದು ಸ್ವಲ್ಪ ಹತ್ತಿರದ್ದು. ಹವಾಮಾನ, ನ್ಯಾವಿಗೇಷನ್, ನಿಯಮಗಳನ್ನು ಮೂರು ವರ್ಷ ಓದಿಸುತ್ತಾರೆ. ಕೆಲವು ಕಾಲೇಜುಗಳು ಫ್ಲೈಯಿಂಗ್ ಸ್ಕೂಲಿನ ಜೊತೆ ಒಪ್ಪಂದ ಮಾಡಿಕೊಂಡಿವೆ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಫೀಸಿನ ಒಳಗೆ ಹಾರಾಟದ ಗಂಟೆ ಎಷ್ಟು? ಹೆಚ್ಚಿನ ಕಡೆ ಉತ್ತರ "ಅದು ಬೇರೆ" ಅಂತ ಬರುತ್ತದೆ. ಹಾಗಿದ್ದರೆ ನೀವು ಕೊಳ್ಳುತ್ತಿರುವುದು ಡಿಜಿಸಿಎ ಪರೀಕ್ಷೆಯ ಪಾಠ ಮಾತ್ರ. ಅದೇ ಪಾಠವನ್ನು ಬೆಂಗಳೂರಿನಲ್ಲೋ, ದೆಹಲಿಯ ದ್ವಾರಕಾದಲ್ಲೋ ಗ್ರೌಂಡ್ ಕ್ಲಾಸಿನವರು ಕೆಲವೇ ತಿಂಗಳಲ್ಲಿ ಮುಗಿಸುತ್ತಾರೆ.

ನನ್ನ ಅಭಿಪ್ರಾಯ ಇಷ್ಟು. ನೀವು ಹಾರದ ದಿನಗಳನ್ನು ನೆನೆದು ಡಿಗ್ರಿ ಆರಿಸಿ. ಹಾರುವ ದಿನಗಳಿಗೆ ಲೈಸೆನ್ಸ್ ಇದೆ. ಹಾರದ ದಿನ ಬರುತ್ತವೆ. 2012ರಲ್ಲಿ ಕಿಂಗ್‌ಫಿಶರ್ ಏರ್‌ಲೈನ್ಸ್ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2023ರ ಮೇನಲ್ಲಿ ಗೋ ಫಸ್ಟ್ ನಿಂತಿತು. ನಡುವೆ 2020ರಲ್ಲಿ ಕೊರೊನಾ ಬಂದು ಪ್ರಪಂಚದ ಹೆಚ್ಚಿನ ವಿಮಾನಗಳು ಕೂತವು. ಸಂಸ್ಥೆ ಚೆನ್ನಾಗಿದ್ದರೂ ನಿಮ್ಮ ದೇಹ ಕೈಕೊಡಬಹುದು. ಮೆಡಿಕಲ್ ಒಂದು ಸಲ ಪಾಸಾದರೆ ಮುಗಿಯಲಿಲ್ಲ. ವರ್ಷ ವರ್ಷ ಮಾಡಿಸಬೇಕು. ಶುಗರ್, ಬೆನ್ನು, ಕಿವಿ ಯಾವುದಾದರೂ ಒಂದು ಸಾಕು, ಮನೆಯಲ್ಲಿ ಕೂರಿಸೋಕೆ. ಅಂಥ ಸಮಯದಲ್ಲಿ ಬಿಎಸ್ಸಿ ಏವಿಯೇಷನ್ ಹಿಡಿದುಕೊಂಡು ಹೋದರೆ ಕೇಳುವವರು ಮತ್ತೆ ಏವಿಯೇಷನ್‌ನವರೇ, ಆಗ ಅವರಲ್ಲೂ ಕೆಲಸ ಇರುವುದಿಲ್ಲ. ನನ್ನ ಜೊತೆ ಕಲಿತ ಒಬ್ಬ ಬಿಕಾಂ ಮಾಡಿದ್ದ. ಕೊರೊನಾ ವರ್ಷ ಅವನು ತಮ್ಮನ ಜೊತೆ ಸೇರಿ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದು ಕಂತು ಕಟ್ಟಿದ. ಈಗ ಮತ್ತೆ ಹಾರುತ್ತಿದ್ದಾನೆ.

ಹಾಗಾಗಿ ಬಿಕಾಂ ಆಗಲಿ, ಬಿಸಿಎ ಆಗಲಿ, ಫಿಸಿಕ್ಸ್ ಬಿಎಸ್ಸಿ ಆಗಲಿ, ಅದರಿಂದಲೇ ಊಟ ಮಾಡಬಹುದು ಅನ್ನುವಂಥದ್ದನ್ನು ಆರಿಸಿಕೊಳ್ಳಿ. ಎಂಜಿನಿಯರಿಂಗ್ ಸೀಟು ಒಳ್ಳೆಯದು ಸಿಕ್ಕರೆ ಮಾಡಿ, ನಾಲ್ಕು ವರ್ಷ ವ್ಯರ್ಥ ಅಂದುಕೊಳ್ಳಬೇಡಿ. 22ಕ್ಕೆ ಹಾರಾಟ ಶುರು ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಪಿಯುಸಿ ಆದ ಕೂಡಲೇ ಹಾರಬೇಕು ಅನ್ನುವವರು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೋ, ಇಗ್ನೋದಲ್ಲೋ ಡಿಗ್ರಿಗೆ ಹೆಸರು ಬರೆಸಿಟ್ಟು, ಆ ಮರದ ಕೆಳಗೆ ಇಸ್ಪೀಟ್ ಬದಲು ಅದನ್ನು ಓದಿ. ನಾನು ಓದಲಿಲ್ಲ. ಮೂವತ್ತು ದಾಟಿದ ಮೇಲೆ ಡಿಗ್ರಿ ಪರೀಕ್ಷೆ ಬರೆದೆ, ನನ್ನ ಪಕ್ಕದ ಬೆಂಚಿನ ಹುಡುಗಿ ನನ್ನನ್ನು ಇನ್ವಿಜಿಲೇಟರ್ ಅಂದುಕೊಂಡು ಎದ್ದು ನಿಂತಳು.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮಲ್ಲಿ ಕೆಲವರಿಗೆ ಅಮೆರಿಕದಲ್ಲಿ ಮಾವನೋ, ದೊಡ್ಡಪ್ಪನ ಮಗನೋ ಇರುತ್ತಾರೆ. ಅವರು ಫೋನಿನಲ್ಲಿ "ಏವಿಯೇಷನ್ ಡಿಗ್ರಿನೇ ಮಾಡಿಸು" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಅಲ್ಲಿಯ ಮಟ್ಟಿಗೆ ಸರಿ. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಒಂದು ವಿಮಾನ ಬಿತ್ತು. ಅದರ ನಂತರ ಅಮೆರಿಕದವರು ನಿಯಮ ಬಿಗಿ ಮಾಡಿದರು. 2013ರಿಂದ ಅಲ್ಲಿ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಆಗಿ ಕೂರಬೇಕಾದರೂ ಸಾಮಾನ್ಯವಾಗಿ 1,500 ಗಂಟೆ ಬೇಕು. ಒಪ್ಪಿಗೆ ಪಡೆದ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಏವಿಯೇಷನ್ ಡಿಗ್ರಿ ಮಾಡಿದ್ದರೆ ಅದು 1,000ಕ್ಕೆ ಇಳಿಯುತ್ತದೆ. ಅಂದರೆ ಡಿಗ್ರಿಗೆ ಅಲ್ಲಿ 500 ಗಂಟೆಯ ಬೆಲೆ ಇದೆ. ಎಂಬ್ರಿ-ರಿಡಲ್, ನಾರ್ತ್ ಡಕೋಟಾ ವಿಶ್ವವಿದ್ಯಾಲಯದಂಥ ಕಡೆ ಮಕ್ಕಳು ಮುಗಿಬೀಳುವುದು ಅದಕ್ಕೇ. ಅಷ್ಟಾಗಿಯೂ ಡೆಲ್ಟಾ ಏರ್‌ಲೈನ್ಸ್ 2022ರಲ್ಲಿ ಪೈಲಟ್ ಕೆಲಸಕ್ಕೆ ಡಿಗ್ರಿ ಕಡ್ಡಾಯ ಅನ್ನುವುದನ್ನು ಕೈಬಿಟ್ಟಿತು. ನಮ್ಮಲ್ಲಿ 200 ಗಂಟೆಗೆ ಸಿಪಿಎಲ್ ತೆಗೆದುಕೊಂಡು, ಒಂದು ನಿರ್ದಿಷ್ಟ ವಿಮಾನ ಕಲಿಯುವ ಟೈಪ್ ರೇಟಿಂಗ್ ಮಾಡಿ, ನೇರವಾಗಿ ಏರ್‌ಬಸ್‌ನ ಬಲಗಡೆ, ಅಂದರೆ ಕೋ-ಪೈಲಟ್ ಸೀಟಿಗೆ ಹೋಗಬಹುದು. ಡಿಗ್ರಿಗೆ ಗಂಟೆಯ ರಿಯಾಯಿತಿ ಇಲ್ಲ. ಮಾವನ ಮಾತನ್ನು ಗೌರವದಿಂದ ಕೇಳಿ, ಅನ್ವಯಿಸಬೇಡಿ.

ಡಿಗ್ರಿ ನಿಜವಾಗಿ ಬಾಗಿಲು ತೆಗೆಯುವುದು ವಾಯುಪಡೆಯಲ್ಲಿ. ದುಡ್ಡಿಲ್ಲದ ಮನೆಯ ಮಕ್ಕಳೇ, ಈ ಭಾಗ ಸರಿಯಾಗಿ ಕೇಳಿ. ಇಲ್ಲಿ ಹಾರಿಸೋದನ್ನು ಕಲಿಸುವುದೂ ಅವರೇ, ಸಂಬಳ ಕೊಡುವುದೂ ಅವರೇ. ಪಿಯುಸಿ ಆದ ಮೇಲೆ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹುಡುಗಿಯರಿಗೂ ಅದು ತೆರೆಯಿತು. ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ಮುಗಿಸಿ ಹೊರಬಂದರು. ಡಿಗ್ರಿ ಆದ ಮೇಲೆ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್. ವಯಸ್ಸು 20ರಿಂದ 24. ಯಾವ ಡಿಗ್ರಿ ಆದರೂ ಸರಿ, 60 ಪರ್ಸೆಂಟ್ ಬೇಕು, ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಸಿ ಸರ್ಟಿಫಿಕೇಟ್ ಇದ್ದರೆ ಇನ್ನೊಂದು ದಾರಿ ಇದೆ. ಹಾಗಾಗಿ ಡಿಗ್ರಿ ಕಾಲೇಜು ಆರಿಸುವಾಗ ಅಲ್ಲಿ ಎನ್‌ಸಿಸಿ ಏರ್ ವಿಂಗ್ ಇದೆಯಾ ಅಂತ ವಿಚಾರಿಸಿ. ಕಾಲೇಜಿನ ಕಟ್ಟಡಕ್ಕಿಂತ ಅದು ನಿಮಗೆ ಮುಖ್ಯ.

ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಪೈಲಟ್ ಆಗೋರಿಗೆ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಪರೀಕ್ಷೆ ಇರುತ್ತದೆ. ಕೈ, ಕಾಲು, ಕಣ್ಣು ಒಟ್ಟಿಗೆ ಕೆಲಸ ಮಾಡುತ್ತವಾ ಅಂತ ನೋಡುತ್ತಾರೆ. ಇದಕ್ಕೆ ಜೀವನದಲ್ಲಿ ಒಂದೇ ಅವಕಾಶ. ಒಮ್ಮೆ ಫೇಲಾದರೆ ವಾಯುಪಡೆಯ ಪೈಲಟ್ ಆಗುವ ಮಾತಿಲ್ಲ. ಆದರೆ ಸಿವಿಲ್ ದಾರಿ ಮುಚ್ಚುವುದಿಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೀದರ್ ಕಡೆ ಹೋದಾಗ ತಲೆಯ ಮೇಲೆ ಸದ್ದು ಮಾಡಿಕೊಂಡು ಹೋಗುವ ಹಾಕ್ ತರಬೇತಿ ವಿಮಾನಗಳಲ್ಲಿ ಇರುವುದು ಹೀಗೆ ಆಯ್ಕೆಯಾಗಿ ಬಂದ ಮಕ್ಕಳೇ.

ಹಿಂದಿನ ಸಾಲಿನ ಹುಡುಗಿಯರು ಆಗಿನಿಂದ ಏನೋ ಗುಸುಗುಸು ಮಾಡುತ್ತಿದ್ದೀರಿ. ಹೆಣ್ಣುಮಕ್ಕಳಿಗೆ ಆಗುತ್ತಾ ಅಂತ ತಾನೇ? ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು 15 ಪರ್ಸೆಂಟ್ ಹೆಂಗಸರು. ಬೇರೆ ಎಷ್ಟೋ ಮುಂದುವರಿದ ದೇಶಗಳಲ್ಲಿ ಇಷ್ಟಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್‌ನಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಜೋಯಾ ಅಗರ್ವಾಲ್ ಅದರ ಕ್ಯಾಪ್ಟನ್. ಇನ್ನು ಗುಸುಗುಸು ಬೇಡ.

ದುಡ್ಡಿನ ವಿಷಯ ಅಪ್ಪಂದಿರು ಕಾಯುತ್ತಿದ್ದೀರಿ. ಸಿಪಿಎಲ್ ಮುಗಿಯುವಷ್ಟರಲ್ಲಿ 50, 60 ಲಕ್ಷ. ಟೈಪ್ ರೇಟಿಂಗ್ ಅಂದರೆ ಏರ್‌ಬಸ್ಸೋ ಬೋಯಿಂಗೋ ಒಂದು ನಿರ್ದಿಷ್ಟ ವಿಮಾನ ಕಲಿಯುವುದು. ಅದಕ್ಕೆ ಇನ್ನೂ 15, 20 ಲಕ್ಷ. ಏರ್‌ಲೈನ್‌ಗಳ ಕೆಡೆಟ್ ಯೋಜನೆಯಾದರೆ ಒಟ್ಟು ಕೋಟಿ ಮುಟ್ಟುತ್ತದೆ. ಅದರಲ್ಲಿ ಕೆಲಸದ ಭರವಸೆ ಸ್ವಲ್ಪ ಜಾಸ್ತಿ, ಆದರೆ ಕರಾರು ಪತ್ರದ ಪ್ರತಿ ಸಾಲನ್ನೂ ಓದಿ. 50 ಲಕ್ಷ ಸಾಲಕ್ಕೆ 11 ಪರ್ಸೆಂಟ್ ಬಡ್ಡಿ ಹಿಡಿದರೆ ತಿಂಗಳಿಗೆ ಬಡ್ಡಿಯೇ 45 ಸಾವಿರ ದಾಟುತ್ತದೆ. ಅಸಲು ಹಾಗೇ ಇರುತ್ತದೆ. ಲೈಸೆನ್ಸ್ ಬಂದ ದಿನವೇ ಕೆಲಸ ಸಿಗುವುದಿಲ್ಲ. ಒಂದು ವರ್ಷ, ಎರಡು ವರ್ಷ ಕಾಯಬೇಕಾಗಬಹುದು. "ದೇಶದಲ್ಲಿ ಪೈಲಟ್‌ಗಳ ಕೊರತೆ" ಅಂತ ಪೇಪರಿನಲ್ಲಿ ಬರುತ್ತದಲ್ಲ, ಆ ಕೊರತೆ ಎಡಗಡೆ ಸೀಟಿನ ಕ್ಯಾಪ್ಟನ್‌ಗಳದ್ದು. 200 ಗಂಟೆಯ ಹೊಸಬರ ಸಾಲು ಉದ್ದವಾಗಿಯೇ ಇದೆ. 2023ರ ಒಂದೇ ವರ್ಷ ಡಿಜಿಸಿಎ 1,622 ಸಿಪಿಎಲ್ ಕೊಟ್ಟಿತು.

ನನ್ನಪ್ಪ ನನಗಾಗಿ ಒಂದು ಎಕರೆ ತೆಂಗಿನ ತೋಟ ಮಾರಿದರು. ಮಾರಿದ ದಿನ ಏನೂ ಹೇಳಲಿಲ್ಲ. ಕೆಲಸ ಸಿಗದೆ ನಾನು ಇನ್ಸ್ಟ್ರಕ್ಟರ್ ಆಗಿ ಸಣ್ಣ ಸಂಬಳಕ್ಕೆ ದುಡಿಯುತ್ತಿದ್ದ ಮೂರು ವರ್ಷವೂ ಏನೂ ಹೇಳಲಿಲ್ಲ. ನಾನು ಮೊದಲ ಸಲ ಏರ್‌ಲೈನ್ ಯೂನಿಫಾರ್ಮ್‌ನಲ್ಲಿ ಮನೆಗೆ ಹೋದಾಗ, ಆ ತೋಟದಲ್ಲಿ ಈಗ ಬೋರ್‌ವೆಲ್ ಚೆನ್ನಾಗಿ ಬಂದಿದೆಯಂತೆ ಕಣೋ ಅಂದರು. ಅಷ್ಟೇ. ಒಂದೇ ತುಂಡು ಜಮೀನು ಇರುವವರು ಅದನ್ನು ಮಾರಬೇಡಿ ಅಂತ ನಾನು ಹೇಳುತ್ತೇನೆ. ಮೊದಲು ವಾಯುಪಡೆ ಪ್ರಯತ್ನಿಸಿ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ಕೋರ್ಸ್ ಪಟ್ಟಿಯಲ್ಲಿ ಸಿಪಿಎಲ್ ಕೂಡ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಸಮಾಜ ಕಲ್ಯಾಣ ಇಲಾಖೆಯಲ್ಲಿ ಹೋಗಿ ಕೇಳಿ, ಎಷ್ಟು ಸಿಗುತ್ತದೆ ಅಂತ ಬರಹದಲ್ಲೇ ತೆಗೆದುಕೊಳ್ಳಿ.

ಕೊನೆಗೊಂದು ಸಣ್ಣ ವಿಷಯ, ಆದರೆ ನಾಲ್ಕು ತಿಂಗಳು ತಿನ್ನುವಂಥದ್ದು. ನಮ್ಮ ಕಡೆ ಹೆಸರಿಗೆ ಇನಿಷಿಯಲ್ ಹಚ್ಚುತ್ತಾರೆ. ಹತ್ತನೇ ತರಗತಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಪಿಯುಸಿಯಲ್ಲಿ ಮುಂದೆ, ಆಧಾರಿನಲ್ಲಿ ಇನಿಷಿಯಲ್ಲೇ ಇಲ್ಲ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರು, ಅಪ್ಪ, ಅಜ್ಜ ಎಲ್ಲ ಬಂದು ಕೂತಿರುತ್ತಾರೆ. ದೆಹಲಿಯ ಆಫೀಸಿಗೆ ಇದು ನಾಲ್ಕು ಬೇರೆ ಬೇರೆ ಮನುಷ್ಯರು. ನನ್ನ ಫೈಲು ವಾಪಸ್ ಬಂದದ್ದು ಇದಕ್ಕೇ. ಅಫಿಡವಿಟ್, ನೋಟರಿ, ಗೆಜೆಟ್ ಅಂತ ಓಡಾಡಿದೆ, ಅಷ್ಟು ದಿನ ಪರೀಕ್ಷೆಗೆ ಹೆಸರು ಕಟ್ಟೋಕೆ ಆಗಲಿಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಈ ನಾಲ್ಕೂ ಕಾಗದವನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ತಪ್ಪಿದ್ದರೆ ಪಿಯುಸಿ ಮುಗಿಯುವುದರೊಳಗೆ ಸರಿ ಮಾಡಿಸಿ. ಬಾಗಿಲ ಹತ್ತಿರ ಕೇಳಿದ ಅಮ್ಮ, ನಿಮ್ಮ ಮಗನ ಮಾರ್ಕ್ಸ್ ಕಾರ್ಡ್ ಈಗ ನಿಮ್ಮ ಬ್ಯಾಗಿನಲ್ಲೇ ಇದ್ದರೆ ಇಲ್ಲಿ ತನ್ನಿ, ಒಟ್ಟಿಗೇ ನೋಡೋಣ.